ಗೊಂಬೆಮನೆಯಲ್ಲಿ ಮಹಜರು

ಫ್ರಾನ್ಸೆಸ್ ಗ್ಲೆಸ್ನರ್ ಲೀ ಸಾವಿನ ತನಿಖೆ ಕಲಿಸಲೆಂದು 1940ರ ದಶಕದಲ್ಲಿ ಸಿದ್ಧಪಡಿಸಿದ, ಸಾವು ನಡೆದ ಸ್ಥಳಗಳನ್ನು ತೋರಿಸುವ ಪುಟ್ಟ ಕೋಣೆಗಳ ಮಾದರಿಗಳ ಚಿತ್ರಗಳನ್ನು ನೋಡುವಾಗ ಎಷ್ಟೋ ಸಲ ನನ್ನ ಕಣ್ಣಿಗೆ ಮೊದಲು ಬೀಳುವುದು ಹೆಣವಲ್ಲ, ಗೋಡೆಗೆ ಅಂಟಿಸಿದ ಹೂವಿನ ಕಾಗದ. ಒಂದು ಅಡಿಗೆ ಒಂದು ಅಂಗುಲದ ಅಳತೆಯಲ್ಲಿ ಬಡಗಿ ರಾಲ್ಫ್ ಮೋಶರ್ ಮನೆಗಳನ್ನು ಕಟ್ಟಿಕೊಟ್ಟರೆ, ಗೊಂಬೆಗಳ ಕಾಲುಚೀಲಗಳನ್ನು ಲೀ ಸ್ವತಃ ಗುಂಡುಸೂಜಿಗಳಿಂದ ಹೆಣೆಯುತ್ತಿದ್ದರು.

ಷಿಕಾಗೋದ ಶ್ರೀಮಂತ ಮನೆತನದಲ್ಲಿ 1878ರಲ್ಲಿ ಹುಟ್ಟಿದ ಈಕೆಗೆ ಸಾವಿನ ತನಿಖೆಯ ಗೀಳು ಹಿಡಿಸಿದವರು ಬಾಸ್ಟನ್ನಿನ ವೈದ್ಯಾಧಿಕಾರಿ ಜಾರ್ಜ್ ಮಗ್ರಾತ್. ಆಗ ಅಮೆರಿಕದ ಹಲವೆಡೆ ಅಸಹಜ ಸಾವಿನ ವಿಚಾರಣೆ ನಡೆಸುತ್ತಿದ್ದ ಕರೋನರ್‌ಗಳು ಚುನಾವಣೆಯಲ್ಲಿ ಗೆದ್ದು ಬಂದವರಾಗಿದ್ದು, ಅವರಿಗೆ ವೈದ್ಯಶಾಸ್ತ್ರ ಗೊತ್ತಿರಲೇಬೇಕೆಂಬ ನಿಯಮವಿರಲಿಲ್ಲ. ಪೊಲೀಸರೋ ಸ್ಥಳದಲ್ಲೆಲ್ಲ ಓಡಾಡಿ ಸಾಕ್ಷ್ಯವನ್ನು ತುಳಿದು ಹಾಕುತ್ತಿದ್ದರು. ಲೀ ಹಾರ್ವರ್ಡ್‌ನಲ್ಲಿ ನ್ಯಾಯವೈದ್ಯಕೀಯ ವಿಭಾಗಕ್ಕೆ ಹಣ ಕೊಟ್ಟರು. 1945ರಲ್ಲಿ ಆರಂಭವಾದ ಪೊಲೀಸ್ ತರಬೇತಿ ಶಿಬಿರಗಳಲ್ಲಿ ಈ ಮಾದರಿಗಳೇ ಪಾಠವಾದವು. ತರಬೇತಿಗೆ ಬಂದವರ ಕೈಗೆ ಸಾಕ್ಷಿಗಳ ಹೇಳಿಕೆ ಮತ್ತು ಒಂದು ಟಾರ್ಚು ಕೊಟ್ಟು, ತೊಂಬತ್ತು ನಿಮಿಷ ನೋಡಲು ಬಿಡುತ್ತಿದ್ದರು.

ಅವುಗಳಲ್ಲಿ ಅಡುಗೆಮನೆಯ ಮಾದರಿ ನನ್ನನ್ನು ಬಹಳ ಕಾಡುತ್ತದೆ. ಬಾಗಿಲ ಸಂದಿಗೆ ಪತ್ರಿಕೆ ತುರುಕಲಾಗಿದೆ, ಗ್ಯಾಸ್ ಬಿಟ್ಟಿದೆ, ನೆಲದ ಮೇಲೆ ಬಿದ್ದಿರುವ ಗೃಹಿಣಿಯ ಕೆನ್ನೆ ಕೆಂಪೇರಿದೆ. ಕಾರ್ಬನ್ ಮಾನಾಕ್ಸೈಡ್ ದೇಹ ಸೇರಿದರೆ ಚರ್ಮಕ್ಕೆ ಬರುವ ಬಣ್ಣವದು. ಆತ್ಮಹತ್ಯೆ ಎಂದು ಬರೆದುಕೊಂಡು ಎದ್ದುಬಿಡಬಹುದು. ಆದರೆ ಸಿಂಕಿನಲ್ಲಿ ಅರ್ಧ ಸಿಪ್ಪೆ ತೆಗೆದ ಆಲೂಗಡ್ಡೆ ಉಳಿದಿದೆ. ಸಾಯಲು ಹೊರಟವಳು ರಾತ್ರಿಯ ಊಟಕ್ಕೆ ಆಲೂಗಡ್ಡೆ ಏಕೆ ಸುಲಿಯುತ್ತಿದ್ದಳು? ಈ ಪ್ರಶ್ನೆಯಿಂದ ಕೊಲೆಯೇ ಸಾಬೀತಾಗುವುದಿಲ್ಲ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಈ ಮಾದರಿಗಳಲ್ಲಿ ಕೊಲೆಗಳ ಜೊತೆಗೆ ಆತ್ಮಹತ್ಯೆ, ಅಪಘಾತ, ಸಹಜ ಸಾವುಗಳೂ ಸೇರಿಕೊಂಡಿವೆ. ಎಲ್ಲವೂ ಕೊಲೆಯಾಗಿದ್ದರೆ ಲೀ ಕಲಿಸುತ್ತಿದ್ದುದು ಪತ್ತೇದಾರಿ ಕಾದಂಬರಿಯ ಚಾಳಿಯಾಗುತ್ತಿತ್ತು, ತನಿಖೆಯಲ್ಲ.

ಸಿರಿವಂತೆಯೊಬ್ಬಳು ಹೆಚ್ಚಾಗಿ ಬಡವರ ಮನೆಗಳನ್ನೇ ಆರಿಸಿಕೊಂಡದ್ದು ವಿಚಿತ್ರವೆನಿಸಬಹುದು. ನನಗೆ ಅದು ಸರಿಯಾದ ಆಯ್ಕೆ ಎಂದೇ ತೋರುತ್ತದೆ: ಹೇಳುವವರು ಕೇಳುವವರು ಇಲ್ಲದವರ ಸಾವಿನಲ್ಲಿಯೇ ಅಲ್ಲವೇ ಮಹಜರು ಅವಸರದಲ್ಲಿ ಮುಗಿಯುವುದು?

ಹಾರ್ವರ್ಡ್‌ನ ವಿಭಾಗ ಮುಚ್ಚಿದ ಮೇಲೆ ಹದಿನೆಂಟು ಮಾದರಿಗಳು ಬಾಲ್ಟಿಮೋರ್‌ನಲ್ಲಿರುವ ಮೇರಿಲ್ಯಾಂಡ್ ಮುಖ್ಯ ವೈದ್ಯಕೀಯ ಪರೀಕ್ಷಕರ ಕಚೇರಿಯನ್ನು ಸೇರಿದವು. ಅಲ್ಲಿಯೂ ಅವು ತರಬೇತಿಗೆ ಬಳಕೆಯಾಗುತ್ತ ಬಂದಿರುವುದರಿಂದ ಬಹುಪಾಲು ಉತ್ತರಗಳನ್ನು ಬಹಿರಂಗಪಡಿಸಿಲ್ಲ. ಅಡುಗೆಮನೆಯ ಚಿತ್ರದ ಕೆಳಗೆ ಗಂಡನೇ ಕೊಂದನೆಂದು ತೀರ್ಪು ಕೊಡುವ ಓದುಗರಿಗಂತೂ ಕೊರತೆಯಿಲ್ಲ.