ಖಾಲಿ ಬಿಟ್ಟ ಕಾಲಂ

ಇವತ್ತು ನೋಡಿದ ಒಂದು ಜೀವನಾಂಶದ ಅಫಿಡವಿಟ್. ಮಗುವಿನ ಖರ್ಚು ಬರೆಯೋ ಜಾಗದಲ್ಲಿ ಬರೀ ಒಂದು ಗೀಟು.

ದಯವಿಟ್ಟು ಹೀಗೆ ಮಾಡಬೇಡಿ.

2020ರಲ್ಲಿ ಸುಪ್ರೀಂ ಕೋರ್ಟಿನ ರಜನೇಶ್–ನೇಹಾ ತೀರ್ಪು ಬಂದ ಮೇಲೆ ಗಂಡ ಹೆಂಡತಿ ಇಬ್ಬರೂ ಆದಾಯ, ಆಸ್ತಿ, ಸಾಲ ಎಲ್ಲವನ್ನೂ ಪ್ರಮಾಣ ಮಾಡಿ ಬರೆದುಕೊಡಬೇಕು. ಮಧ್ಯಂತರ ಜೀವನಾಂಶ (ಕೇಸು ಮುಗಿಯೋವರೆಗೆ ಕೊಡೋದು) ಎಷ್ಟು ಅಂತ ಕೋರ್ಟು ಅಂದಾಜು ಮಾಡೋದು ಈ ಹಾಳೆಗಳಿಂದಲೇ. ಸ್ಕೂಲ್ ಫೀಸು, ವ್ಯಾನು, ಟ್ಯೂಷನ್ನು, ಔಷಧಿ, ಹಾಲು. ಒಂದೊಂದನ್ನೂ ಬಿಡಿಸಿ ಬರೆಯಿರಿ, ರಸೀದಿ ಲಗತ್ತಿಸಿ. "ಒಟ್ಟು ಇಷ್ಟು" ಅಂದರೆ ಎದುರು ವಕೀಲರು ಕೇಳೋದು ಒಂದೇ: ಲೆಕ್ಕ ಎಲ್ಲಿ?

ಅದೇ ತೀರ್ಪಿನ ಪ್ರಕಾರ ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ, ಆದೇಶದ ದಿನದಿಂದಲ್ಲ. ರಾಜಿ ಆಗಬಹುದು ಅಂತ ಅರ್ಜಿಯನ್ನೇ ತಡಮಾಡಿದರೆ ಅಷ್ಟು ತಿಂಗಳು ಮಗುವಿಗೆ ನಷ್ಟ. ಮಾತುಕತೆ ಅರ್ಜಿ ಹಾಕಿದ ಮೇಲೂ ನಡೆಯುತ್ತೆ.

2024ರ ಜುಲೈ 1ರಿಂದ ಜೀವನಾಂಶ ಕೇಳೋ ಸೆಕ್ಷನ್ ಬದಲಾಗಿದೆ: ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125ರ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 144 ಬಂದಿದೆ. ಹೊಸ ಅರ್ಜಿಗೆ ಆ ನಂಬರೇ ಹಾಕಿ.

ಇನ್ನೊಂದು, ತುಂಬಾ ಜನ ಮರೆಯೋದು. ಆದೇಶ ಆಗಿಯೂ ದುಡ್ಡು ಬರದಿದ್ದರೆ, ಆ ತಿಂಗಳ ದುಡ್ಡು ಕೊಡಬೇಕಿದ್ದ ದಿನದಿಂದ 1 ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕಬೇಕು. ದಾಟಿದರೆ ಆ ಬಾಕಿಗೆ ಈ ಸೆಕ್ಷನ್ನಿನಲ್ಲಿ ವಸೂಲಿ ವಾರಂಟ್ ಸಿಗಲ್ಲ.