ಸಮುದ್ರದ ಗಾಳಿಯ ಹೆಸರಿನಲ್ಲಿ

ಮೊಬೈಲಿನಲ್ಲಿ ಕಂಡ ಚಿತ್ರಗಳ ಪ್ರಕಾರ ಆ ಹೋಟೆಲಿಗೆ ಬಿಳಿಯ ಗೋಡೆಗಳಿದ್ದವು, ಬಾಲ್ಕನಿಯಲ್ಲಿ ಬೆತ್ತದ ಎರಡು ಕುರ್ಚಿಗಳಿದ್ದವು, ಅವುಗಳ ಆಚೆಗೆ ತೆಂಗಿನ ಮರಗಳ ನಡುವೆ ನೀಲಿ ಸಮುದ್ರವಿತ್ತು. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಹುಬ್ಬಳ್ಳಿಯ ಕಚೇರಿಯೊಂದರಲ್ಲಿ ಕುಳಿತು ಅದನ್ನು ನೋಡಿದವರಿಗೆ ಬಾಡಿಗೆ ದುಬಾರಿಯೆನಿಸುವುದಿಲ್ಲ. ಮುಂಗಡವಾಗಿ ಪೂರ್ತಿ ಹಣ ಕಟ್ಟಿ, ಒಂದು ರಾತ್ರಿಯ ಮಟ್ಟಿಗೆ ನಾನು ಮತ್ತು ನನ್ನ ಗೆಳೆಯ ಗೋಕರ್ಣಕ್ಕೆ ಹೊರಟೆವು. ಗೆಳೆಯ ಸಿವಿಲ್ ಎಂಜಿನಿಯರ್. ಹಳೆಯ ಕಟ್ಟಡಗಳ ದುರಸ್ತಿಯ ಗುತ್ತಿಗೆ ಹಿಡಿಯುವುದು ಅವನ ಕಸುಬು. ಈ ಸಂಗತಿ ಪ್ರವಾಸಕ್ಕೆ ಇಷ್ಟು ಮುಖ್ಯವಾದೀತೆಂದು ಹೊರಡುವಾಗ ನನಗೆ ಅನಿಸಿರಲಿಲ್ಲ.

ಕಲಘಟಗಿ, ಯಲ್ಲಾಪುರ ದಾಟಿ ಅರಬೈಲು ಘಾಟಿ ಇಳಿಯುವಾಗ ಲಾರಿಗಳ ಸಾಲಿನ ಹಿಂದೆ ಬಸ್ಸು ತೆವಳಿತು. ಅಂಕೋಲೆಯಲ್ಲಿ ಇಳಿದು ಬೇರೆ ಬಸ್ಸು ಹಿಡಿದು, ಮಾದನಗೇರಿಯಲ್ಲಿ ಹೆದ್ದಾರಿ ಬಿಟ್ಟು ತಿರುಗಿದ ಮೇಲೆ ಸಾಣಿಕಟ್ಟೆಯ ಉಪ್ಪಿನ ಆಗರಗಳು ಕಂಡವು. ಅಘನಾಶಿನಿಯ ಹಿನ್ನೀರಿನ ಉಪ್ಪುನೀರನ್ನು ಮಣ್ಣಿನ ಕಟ್ಟೆಗಳ ನಡುವೆ ತೆಳ್ಳಗೆ ಹರಡಿ, ಬಿಸಿಲಿಗೆ ಒಣಗಿಸಿ, ಉದ್ದ ಹಿಡಿಯ ಹಲಗೆಯಿಂದ ಎಳೆದು ಗುಡ್ಡೆ ಹಾಕುತ್ತಿದ್ದರು. ಆ ಉಪ್ಪು ಅಂಗಡಿಯ ಪೊಟ್ಟಣದ ಉಪ್ಪಿನಷ್ಟು ಬೆಳ್ಳಗಿರುವುದಿಲ್ಲ, ಮಾಸಲು ಬಣ್ಣದ್ದು. ಆದರೂ ಅಪ್ಪೆಮಿಡಿಯ ಉಪ್ಪಿನಕಾಯಿಗೆ ಇದೇ ಆಗಬೇಕೆನ್ನುವ ಮನೆಗಳು ಉತ್ತರ ಕನ್ನಡದಲ್ಲಿ ಇಂದಿಗೂ ಇವೆ.

ಹೋಟೆಲು ಮುಖ್ಯ ಕಡಲತೀರಕ್ಕೆ ಹೋಗುವ ರಸ್ತೆಯಿಂದ ಒಳಗೆ, ಗಲ್ಲಿಯೊಂದರ ತುದಿಯಲ್ಲಿತ್ತು. ಕೌಂಟರಿನಲ್ಲಿದ್ದ ಹುಡುಗ ಆಧಾರ್ ಕಾರ್ಡುಗಳ ನಕಲು ಪಡೆದು, ಎರಡನೆಯ ಮಹಡಿಯ ಕೋಣೆಯ ಬೀಗ ತೆರೆದುಕೊಟ್ಟ. ಬಾಲ್ಕನಿಯ ಬಾಗಿಲು ಹಿಗ್ಗಿ ಚೌಕಟ್ಟಿಗೆ ಕಚ್ಚಿಕೊಂಡಿದ್ದರಿಂದ ಇಬ್ಬರೂ ಸೇರಿ ತಳ್ಳಬೇಕಾಯಿತು. ಹೊರಗೆ ಪಕ್ಕದ ಕಟ್ಟಡದ ಹಿಂಗೋಡೆ, ಅದರ ಮೇಲೊಂದು ಕಪ್ಪು ಸಿಂಟೆಕ್ಸ್ ಟ್ಯಾಂಕ್, ಕೆಳಗೆ ತಂತಿಯ ಮೇಲೆ ಒಣಹಾಕಿದ್ದ ಹತ್ತಿಪ್ಪತ್ತು ಹಾಸಿಗೆ ಬಟ್ಟೆಗಳು.

"ಸಮುದ್ರ ಎಲ್ಲೈತಪಾ?" ಎಂದು ಗೆಳೆಯ ಕೇಳಿದ.

ಹುಡುಗ ಸಂಕೋಚದಿಂದಲೇ ತಾರಸಿಯ ಕಡೆಗೆ ಬೆರಳು ತೋರಿಸಿದ. ಫೋಟೊ ತೆಗೆದದ್ದು ಅಲ್ಲಿಂದಲಂತೆ, ಅದೂ ಪಕ್ಕದ ಕಟ್ಟಡ ಏಳುವ ಮೊದಲು.

ಕೋಣೆಯ ಕೊರತೆಗಳನ್ನೆಲ್ಲ ವರ್ಣಿಸುವ ಉದ್ದೇಶ ನನಗಿಲ್ಲ. ಹಾಸಿಗೆ ಮುಟ್ಟಿದರೆ ತಣ್ಣಗೆ ಅಂಟುತ್ತಿತ್ತು, ದಿಂಬಿಗೆ ಮುಗ್ಗಲು ವಾಸನೆಯಿತ್ತು, ಗೀಸರು ಕೆಟ್ಟಿತ್ತು. ಕಿಟಕಿಯ ಸೊಳ್ಳೆಪರದೆಯ ತುಕ್ಕು ಬೆರಳಿಗೆ ಪುಡಿಯಾಗಿ ಬರುತ್ತಿತ್ತು. ನನ್ನನ್ನು ಕೆರಳಿಸಿದ್ದು ಇವುಗಳಿಗಿಂತ ಹೆಚ್ಚಾಗಿ ಇವೆಲ್ಲಕ್ಕೂ ಸಿಕ್ಕ ಒಂದೇ ಉತ್ತರ. ಹಾಸಿಗೆ ಬದಲಿಸಲು ಕೇಳಿದರೂ, ಗೀಸರಿನ ಬಗ್ಗೆ ಕೇಳಿದರೂ, ಕಡೆಗೆ ಟೀವಿಯ ರಿಮೋಟ್ ಏಕೆ ಕೆಲಸ ಮಾಡುತ್ತಿಲ್ಲವೆಂದು ಕೇಳಿದರೂ ಹುಡುಗ, "ಸಮುದ್ರದ ಗಾಳಿ ಸಾರ್, ಏನಿಟ್ರೂ ಉಳಿಯಲ್ಲ" ಎನ್ನುತ್ತಿದ್ದ. ಅದು ಅವನದೇ ಮಾತಲ್ಲ, ಯಾರೋ ಕಲಿಸಿಕೊಟ್ಟದ್ದು ಎಂಬುದು ಸ್ಪಷ್ಟವಿತ್ತು. ಮಾಲೀಕರು ಊರಲ್ಲಿರಲಿಲ್ಲ, ಕಟ್ಟಡವನ್ನು ಲೀಸಿಗೆ ಪಡೆದವರು ಮತ್ತೊಬ್ಬರು, ಮ್ಯಾನೇಜರು ಫೋನಿನಲ್ಲಿ ಮಾತ್ರ ಸಿಗುವವರು. ಆ ಹುಡುಗನ ಮೇಲೆ ರೇಗುವುದರಲ್ಲಿ ಅರ್ಥವಿರಲಿಲ್ಲ.

ಗೆಳೆಯನಿಗೆ ಆ ಉತ್ತರ ಬೇರೆಯೇ ರೀತಿಯಲ್ಲಿ ನಾಟಿತು. ಬಾಲ್ಕನಿಯ ತೊಲೆಯ ಅಡಿಯಲ್ಲಿ ಅಂಗೈಯಗಲದ ಕಾಂಕ್ರೀಟು ಕಳಚಿಬಿದ್ದು, ಒಳಗಿನ ಕಂಬಿ ಕೆಂಪಗೆ ಸಿಪ್ಪೆಯೆದ್ದು ಕಾಣುತ್ತಿತ್ತು. ಅವನು ಕುರ್ಚಿಯ ಮೇಲೆ ಹತ್ತಿ, ಕೀಲಿಯ ತುದಿಯಿಂದ ಸುತ್ತ ತಟ್ಟಿದ. ಒಂದು ಕಡೆ ಗಟ್ಟಿ ಸದ್ದು, ಅದರ ಪಕ್ಕದಲ್ಲೇ ಪೊಳ್ಳು ಸದ್ದು.

"ಇದ್ರಾಗ ಗಾಳಿದೇನ್ ತಪ್ಪೈತೋ? ಕಂಬಿಗೆ ಅರ್ಧ ಇಂಚು ಸೈತ ಕವರ್ ಬಿಟ್ಟಿಲ್ಲ ನೋಡು" ಎಂದ.

ಕಡಲಂಚಿನಲ್ಲಿ ಗಾಳಿಗೆ ತೆರೆದಿರುವ ಕಾಂಕ್ರೀಟಿನಲ್ಲಿ ಕಂಬಿಯ ಹೊರಗೆ 45 ಮಿಲಿಮೀಟರು ದಪ್ಪದ ಹೊದಿಕೆಯಿರಬೇಕೆಂದು ಭಾರತೀಯ ಮಾನಕವೇ ಹೇಳುತ್ತದೆಯಂತೆ. ಉಪ್ಪಿನ ಅಂಶ ಕಂಬಿಯನ್ನು ಮುಟ್ಟಿದರೆ ತುಕ್ಕು ಹಿಡಿಯುತ್ತದೆ; ಆ ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮಿಗಿಲಾದ ಜಾಗ ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಒಡೆದು ಹೊರದೂಡುತ್ತದೆ. ಸಮುದ್ರದ ಮರಳನ್ನು ಸರಿಯಾಗಿ ತೊಳೆಯದೆ ಬಳಸಿದ್ದರಂತೂ ಉಪ್ಪು ಹೊರಗಿನಿಂದ ಬರುವ ತನಕ ಕಾಯಬೇಕಾಗಿಲ್ಲ. ಇಷ್ಟನ್ನು ಅವನು ಕುರ್ಚಿಯ ಮೇಲೆ ನಿಂತೇ ವಿವರಿಸಿದ. ಸೂರ್ಯ ಮುಳುಗುವುದಕ್ಕೆ ಇನ್ನು ಒಂದು ಗಂಟೆಯಷ್ಟೇ ಇತ್ತು; ನಾನು ಅವನನ್ನು ಎಳೆದುಕೊಂಡೇ ಹೊರಗೆ ಹೋಗಬೇಕಾಯಿತು.

ಕುಡ್ಲೆ ತೀರದಲ್ಲಿ ಸಿಕ್ಕಿದ ಸಂಜೆಯ ಬಗ್ಗೆ ದೂರಲು ಏನೂ ಇಲ್ಲ. ರಾತ್ರಿ ಹೇಗೋ ಕಳೆಯಿತು. ದಿಂಬಿನ ಬದಲು ನಮ್ಮ ಚೀಲಗಳನ್ನೇ ತಲೆಗಿಟ್ಟುಕೊಂಡೆವು. ಬೆಳಿಗ್ಗೆ ಬಿಸಿಲು ಏರುವ ಮುನ್ನ ಕುಡ್ಲೆಯಿಂದ ಗುಡ್ಡ ಹತ್ತಿ ಓಂ ತೀರದ ದಾರಿ ಹಿಡಿದೆವು. ಮುರಕಲ್ಲಿನ ಆ ದಿಬ್ಬದ ಮೇಲೆ ಹುಲ್ಲು ಒಣಗಿ ಬಣ್ಣಗೆಟ್ಟಿತ್ತು. ಇಳಿಜಾರಿನ ಅಂಚಿಗೆ ಬಂದಾಗ ಅಕ್ಕಪಕ್ಕದ ಎರಡು ಬಾಗಿದ ಮರಳಿನ ತೀರಗಳೂ, ಅವುಗಳ ನಡುವೆ ನೀರಿಗೆ ಚಾಚಿದ ಕರಿಬಂಡೆಗಳೂ ಒಟ್ಟಿಗೇ ಕಂಡು, ಈ ಜಾಗಕ್ಕೆ ಏಕೆ ಆ ಹೆಸರೆಂಬುದು ಯಾರೂ ಹೇಳದೆಯೇ ತಿಳಿಯಿತು. ಎದೆಮಟ್ಟದ ನೀರಿಗೆ ಹೋಗುವಷ್ಟರಲ್ಲಿ ಜೀವರಕ್ಷಕ ಸೀಟಿ ಊದಿದ. ಬಂಡೆಗಳ ಪಕ್ಕದಲ್ಲಿ ಸೆಳೆತ ಜಾಸ್ತಿ, ಮರಳಿನ ಮಧ್ಯಭಾಗಕ್ಕೆ ಬನ್ನಿ ಎಂದು ಕೈಸನ್ನೆ ಮಾಡಿದ. ಒಂದು ಗಂಟೆಗೂ ಹೆಚ್ಚು ಹೊತ್ತು ನೀರಿನಲ್ಲಿದ್ದೆವು. ಗೆಳೆಯ ಅಷ್ಟು ಹೊತ್ತು ತೊಲೆಯ ವಿಷಯ ಎತ್ತಲಿಲ್ಲ.

ಅವನು ಅದನ್ನು ಮತ್ತೆ ಎತ್ತಿದ್ದು ರಥಬೀದಿಯ ಹಂಚಿನ ಮನೆಯೊಂದರಲ್ಲಿ. ಗೋಕರ್ಣದಲ್ಲಿ ಯಾತ್ರಿಕರನ್ನು ಪುರೋಹಿತರ ಮನೆಗಳಲ್ಲೇ ಇಳಿಸಿಕೊಳ್ಳುವ ರೂಢಿ ಹೋಟೆಲುಗಳಿಗಿಂತ ಬಹಳ ಹಳೆಯದು. ನಾವು ತಿಂಡಿಗೆ ಹೋದದ್ದು ಅಂಥದೇ ಮನೆಗೆ. ಮುಂಭಾಗದ ಜಗಲಿಯಲ್ಲಿ ನಾಲ್ಕು ಮೇಜು, ಒಳಗೆ ಅಡುಗೆ. ತೆಳ್ಳೇವು ಮತ್ತು ಕಾಯಿಚಟ್ನಿ ತಿಂದು, ಮುರುಗಲ ಪಾನಕ ಕುಡಿಯುತ್ತ ಗೆಳೆಯ ಗೋಡೆಯನ್ನು ಸವರಿ ನೋಡಿದ. ಚಿರೆಕಲ್ಲಿನ ಗೋಡೆ, ಸುಣ್ಣದ ಗಾರೆ, ಮರದ ಕಂಬಗಳು. ಸಮುದ್ರಕ್ಕೆ ಈ ಮನೆ ನಮ್ಮ ಹೋಟೆಲಿಗಿಂತ ದೂರವೇನೂ ಇರಲಿಲ್ಲ.

"ಎಷ್ಟ್ ವರ್ಷದ ಮನೀರಿ ಇದು?" ಎಂದು ಕೇಳಿದ.

"ನಮ್ಮ ಅಜ್ಜನ ಕಾಲದ್ದು" ಎಂದರು ಯಜಮಾನರು. "ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸ್ಬೇಕು, ಪಡುವಣ ಗೋಡೆಗೆ ಮಡಲಿನ ತಟ್ಟಿ ಕಟ್ಬೇಕು. ಒಂದು ವರ್ಷ ಬಿಟ್ರೆ ಮುಗೀತು. ನೀವು ಎಲ್ಲಿ ಉಳ್ಕೊಂಡಿದ್ರಿ?"

ಹೋಟೆಲಿನ ಹೆಸರು ಹೇಳಿದೆವು. ಅವರು ನಕ್ಕು, ಇನ್ನೊಂದು ಲೋಟ ಪಾನಕ ತರಿಸಿದರು. ಆ ಲೋಟಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಉಳಿದ ತಿಂಗಳುಗಳಲ್ಲಿ ಉಪ್ಪುಗಾಳಿ ಬೀಸುವ ಈ ಕರಾವಳಿಯಲ್ಲಿ ಮನೆ ಉಳಿಸಿಕೊಳ್ಳುವುದು ಸುಲಭವೆಂದು ನಾನು ಹೇಳುತ್ತಿಲ್ಲ. ಕಬ್ಬಿಣ ಇಲ್ಲಿ ತುಕ್ಕು ಹಿಡಿಯುತ್ತದೆ, ಬಟ್ಟೆ ತೇವ ಹೀರುತ್ತದೆ, ಅದು ನಿಜ. ಆದರೆ ಆ ಗಾಳಿಯ ಜೊತೆಗೇ ಬದುಕಿದವರು ಅದಕ್ಕೆ ತಕ್ಕ ಕೆಲಸಗಳ ಪಟ್ಟಿಯನ್ನೂ ಇಟ್ಟುಕೊಂಡಿದ್ದಾರೆ. ನಮ್ಮ ಹೋಟೆಲಿನವರು ಗಾಳಿಯನ್ನು ಫೋಟೊದಲ್ಲಿ ಮಾರಾಟಕ್ಕಿಟ್ಟು, ದುರಸ್ತಿಯ ಮಾತು ಬಂದಾಗ ಅದನ್ನೇ ಅಪರಾಧಿ ಮಾಡುತ್ತಿದ್ದರು.

ಹೊರಡುವಾಗ ಮ್ಯಾನೇಜರಿಗೆ ಫೋನು ಹಚ್ಚಿಸಿದೆವು. ಸಮುದ್ರ ಕಾಣುವ ಕೋಣೆಯೆಂದು ಹೇಳಿ ಟ್ಯಾಂಕು ಕಾಣುವ ಕೋಣೆ ಕೊಟ್ಟಿದ್ದೀರಿ ಎಂದು ನಾನೆಂದೆ. ತಾರಸಿಗೆ ಎಲ್ಲ ಅತಿಥಿಗಳಿಗೂ ಪ್ರವೇಶವಿದೆ ಎಂದು ಅವರೆಂದರು. ಸಾಕಷ್ಟು ಹೊತ್ತಿನ ಚೌಕಾಸಿಯ ಬಳಿಕ 500 ರೂಪಾಯಿ ಹಿಂದಿರುಗಿಸಲು ಒಪ್ಪಿದರು. ಅಷ್ಟರಲ್ಲಿ ಗೆಳೆಯ ಕೌಂಟರಿನ ಮೇಲಿದ್ದ ಅಭಿಪ್ರಾಯ ಪುಸ್ತಕವನ್ನು ಎಳೆದುಕೊಂಡು ಬರೆಯತೊಡಗಿದ್ದ. ಬೈಗುಳವಿರಬಹುದೆಂದು ಇಣುಕಿ ನೋಡಿದರೆ ಪುಟದ ತುಂಬ ಸೂಚನೆಗಳು: ಪೊಳ್ಳು ಭಾಗವನ್ನೆಲ್ಲ ಕೆತ್ತಿ ತೆಗೆಯಬೇಕು, ಕಂಬಿಯ ತುಕ್ಕನ್ನು ತಂತಿಬ್ರಷ್ಷಿನಿಂದ ಉಜ್ಜಿ ಝಿಂಕ್ ಲೇಪನ ಹಚ್ಚಬೇಕು, ಪಾಲಿಮರ್ ಗಾರೆ ತುಂಬಬೇಕು, ಅಲ್ಲಿಯವರೆಗೆ ಆ ಬಾಲ್ಕನಿಯ ಕೆಳಗೆ ಯಾರೂ ಬಟ್ಟೆ ಒಣಹಾಕಕೂಡದು. ಹುಡುಗ ಅದನ್ನು ಓದಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟು, "ಇದು ನಿಜಾನಾ ಸಾರ್?" ಎಂದು ಕೇಳಿದ. ನಿಜವೆಂದು ಗೆಳೆಯ ತಲೆಯಾಡಿಸಿದ. ನಾವು ಚೀಲ ಹೆಗಲಿಗೇರಿಸುವ ಹೊತ್ತಿಗೆ ಅವನು ಹಿತ್ತಲಿಗೆ ಹೋಗಿ ತಂತಿ ಬಿಚ್ಚತೊಡಗಿದ್ದ.