ಟಾನ್ಸಿಲ್ ಕಲ್ಲು ಮತ್ತು ಕೈಯಲ್ಲಿ ಹಿಡಿಯುವ ಸಕ್ಷನ್ ಉಪಕರಣ

ಬಾಯಿಯನ್ನು ಅಗಲವಾಗಿ ತೆರೆದು, ಒಳ್ಳೆಯ ಬೆಳಕಿನಲ್ಲಿ ಕನ್ನಡಿ ನೋಡಿದರೆ, ಕಿರುನಾಲಿಗೆಯ ಎರಡು ಬದಿಗಳಲ್ಲಿ ಮಾಂಸದ ಮಡಿಕೆಗಳ ನಡುವೆ ಎರಡು ಉಬ್ಬುಗಳು ಕಾಣುತ್ತವೆ. ಅವೇ ಟಾನ್ಸಿಲ್‌ಗಳು. ಅವುಗಳ ಮೇಲ್ಮೈ ನುಣುಪಾಗಿರುವುದಿಲ್ಲ. ಅಲ್ಲಲ್ಲಿ ಸಣ್ಣ ಕುಳಿಗಳಿದ್ದು, ಅವು ಒಳಕ್ಕಿಳಿದು ಕವಲೊಡೆಯುತ್ತವೆ. ಬಾಯಿಯಿಂದ ಉದುರಿದ ಜೀವಕೋಶಗಳು, ಆಹಾರದ ಚೂರುಗಳು, ಲೋಳೆ ಮತ್ತು ಬ್ಯಾಕ್ಟೀರಿಯಾಗಳು ಈ ಕುಳಿಗಳಲ್ಲಿ ಸೇರಿಕೊಂಡು, ಕಾಲಕ್ರಮೇಣ ಕ್ಯಾಲ್ಸಿಯಂ ಲವಣಗಳು ಕೂಡಿ ಗಟ್ಟಿಯಾದಾಗ ಅದನ್ನು ಟಾನ್ಸಿಲ್ ಕಲ್ಲು ಎನ್ನುತ್ತಾರೆ. ಕಲ್ಲು ಎಂದರೂ ಹೆಚ್ಚಿನವು ಬೆರಳಲ್ಲಿ ಒತ್ತಿದರೆ ಪುಡಿಯಾಗುವಷ್ಟು ಮೆತ್ತಗಿರುತ್ತವೆ. ಬಿಳಿ ಅಥವಾ ಹಳದಿ ಬಣ್ಣ, ಅಕ್ಕಿ ನುಚ್ಚಿನಷ್ಟು ಗಾತ್ರ, ಮತ್ತು ಒಮ್ಮೆ ಮೂಸಿದವರು ಮರೆಯಲಾರದ ದುರ್ವಾಸನೆ. ಗಾಳಿಯಿಲ್ಲದ ಜಾಗದಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಪ್ರೋಟೀನನ್ನು ಒಡೆದು ಹೈಡ್ರೋಜನ್ ಸಲ್ಫೈಡ್‌ನಂತಹ ಗಂಧಕದ ಅನಿಲಗಳನ್ನು ಬಿಡುವುದೇ ಆ ವಾಸನೆಗೆ ಕಾರಣ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುವವಳು. ಮಕ್ಕಳ ಪುಸ್ತಕದ ಮೇಲೆ ಬಾಗಿ, ಅವರ ಮುಖದ ಹತ್ತಿರವೇ ಮಾತನಾಡಬೇಕಾದ ಕೆಲಸ ನನ್ನದು. ಬಾಯಿಯ ವಾಸನೆ ಎಂಬುದು ಈ ಕೆಲಸದಲ್ಲಿ ಸಣ್ಣ ವಿಷಯವಲ್ಲ. ದಿನಕ್ಕೆರಡು ಸಲ ಹಲ್ಲುಜ್ಜಿ, ನಾಲಿಗೆ ಕೆರೆದು, ದಂತವೈದ್ಯರಿಂದ ಒಸಡು ಪರೀಕ್ಷಿಸಿಕೊಂಡ ಮೇಲೂ ವಾಸನೆ ಉಳಿದಾಗ ಮಾತ್ರ ನಾನು ಗಂಟಲಿನ ಕಡೆ ನೋಡಿದ್ದು. ಈ ಕ್ರಮ ಸರಿಯಾದದ್ದೆಂದು ಈಗಲೂ ನಂಬಿದ್ದೇನೆ. ಏಕೆಂದರೆ ಬಾಯಿವಾಸನೆಯ ಮೂಲ ಹೆಚ್ಚಿನವರಲ್ಲಿ ನಾಲಿಗೆಯ ಹಿಂಭಾಗ ಅಥವಾ ಒಸಡಿನಲ್ಲಿರುತ್ತದೆಯೇ ಹೊರತು ಟಾನ್ಸಿಲ್‌ನಲ್ಲಲ್ಲ. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಅನಿಸುವುದು, ನುಂಗುವಾಗ ಒಂದು ಬದಿ ಚುಚ್ಚಿದಂತಾಗುವುದು, ಕಿವಿ ಸರಿಯಿದ್ದರೂ ಕಿವಿಯೊಳಗೆ ನೋವು ಬರುವುದು, ಇವು ಕಲ್ಲಿನ ಇತರ ಸೂಚನೆಗಳು. ಟಾನ್ಸಿಲ್‌ಗೂ ಮಧ್ಯಕಿವಿಗೂ ಒಂದೇ ನರದ ಕವಲುಗಳು ಹೋಗುವುದರಿಂದ ಗಂಟಲಿನ ತೊಂದರೆ ಕಿವಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಈ ವಿಷಯವನ್ನು ಕನ್ನಡದಲ್ಲಿ ಬರೆಯಬೇಕೆನಿಸಿದ್ದಕ್ಕೆ ಒಂದು ಕಾರಣವಿದೆ. ಕಲ್ಲನ್ನು ಹೀರಿ ತೆಗೆಯುವ ಸಕ್ಷನ್ ಉಪಕರಣದ ಪೆಟ್ಟಿಗೆಯಲ್ಲಿ ಬರುವ ಸೂಚನಾ ಕಾಗದ ಇಂಗ್ಲಿಷಿನದು. ನಮ್ಮ ಜಿಲ್ಲೆಯಲ್ಲಿ ಕೈಗೆ ಸಿಗುವ ಆರೋಗ್ಯದ ಕರಪತ್ರಗಳು ಹೆಚ್ಚಾಗಿ ಮಲಯಾಳದವು. ಕನ್ನಡ ಮಾತ್ರ ಓದಬಲ್ಲ ಅಜ್ಜಿಯಂದಿರು, ಅತ್ತೆಯಂದಿರು ನಮ್ಮ ಮನೆಗಳಲ್ಲಿ ಈಗಲೂ ಇದ್ದಾರೆ. ಅವರು ನಾಚಿಕೆಯಿಂದ ಯಾರನ್ನೂ ಕೇಳುವುದಿಲ್ಲ.

ಕೇಳದೆ ಅವರು ಮಾಡುವುದೇನು? ತಲೆಪಿನ್ನು, ಪೆನ್ನಿನ ರೀಫಿಲ್, ಹಿಡಿಸೂಡಿಯ ಕಡ್ಡಿ, ಬೆರಳಿನ ಉಗುರು, ಹೀಗೆ ಸಿಕ್ಕಿದ್ದರಿಂದ ಕೆದಕುತ್ತಾರೆ. ಇದರ ಅಪಾಯ ಎಷ್ಟೆಂಬುದನ್ನು ಬಿಡಿಸಿ ಹೇಳಲೇಬೇಕು. ಟಾನ್ಸಿಲ್‌ಗೆ ರಕ್ತ ಸರಬರಾಜು ಧಾರಾಳವಾಗಿದೆ. ಸಣ್ಣ ಗೀರಿಗೂ ರಕ್ತ ಬರುತ್ತದೆ. ಮೆದುಳಿಗೆ ರಕ್ತ ಒಯ್ಯುವ ದೊಡ್ಡ ಧಮನಿಯೊಂದು ವಯಸ್ಕರಲ್ಲಿ ಟಾನ್ಸಿಲ್‌ನಿಂದ ಹಿಂದಕ್ಕೆ, ಹೊರಬದಿಗೆ, ಸುಮಾರು ಎರಡೂವರೆ ಸೆಂಟಿಮೀಟರ್ ದೂರದಲ್ಲಿ ಹಾದುಹೋಗುತ್ತದೆ. ಕಡ್ಡಿ ಅಲ್ಲಿಗೆ ತಲುಪುವ ಸಂಭವ ಕಡಿಮೆಯಿದ್ದರೂ, ಚೂಪಾದ ವಸ್ತುವನ್ನು ಆ ದಿಕ್ಕಿಗೆ ತಳ್ಳುವ ಅಭ್ಯಾಸವೇ ತಪ್ಪು. ಅದಕ್ಕಿಂತ ಹೆಚ್ಚಾಗಿ ನಡೆಯುವ ಇನ್ನೊಂದು ತೊಂದರೆಯೆಂದರೆ, ಕೆದಕಿದಾಗ ಅರ್ಧ ಕಲ್ಲು ಹೊರಬಂದು ಉಳಿದರ್ಧ ಕುಳಿಯ ಆಳಕ್ಕೆ ಇಳಿಯುತ್ತದೆ. ನನ್ನ ಅಮ್ಮ ಇದನ್ನು ತನ್ನದೇ ರೀತಿಯಲ್ಲಿ ಹೇಳುತ್ತಾರೆ: “ಕಡ್ಡಿ ಹಾಕಿ ಕೆದಕುದು ಬೇಡ ಮಗಾ, ಉಪ್ಪುನೀರು ಮುಕ್ಕಳಿಸು, ಬರುದಾದ್ರೆ ಅದೇ ಬರ್ತದೆ.” ಅಮ್ಮನ ಮಾತು ಬಹುಪಾಲು ಸರಿ. ಒಂದು ಲೋಟ ಉಗುರು ಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ, ತಲೆಯನ್ನು ಹಿಂದಕ್ಕೆ ಬಾಗಿಸಿ ಗಂಟಲಲ್ಲಿ ಗಳಗಳಿಸಿದರೆ, ಕುಳಿಯ ಬಾಯಿ ಹತ್ತಿರ ಬಂದಿರುವ ಕಲ್ಲುಗಳು ಎಷ್ಟೋ ಸಲ ತಾವೇ ಸಡಿಲವಾಗುತ್ತವೆ.

ಸಕ್ಷನ್ ಉಪಕರಣದ ಬಗ್ಗೆ ನನಗೆ ಒಲವು ಮೂಡಿದ್ದು ಅದು ಒಳಕ್ಕೆ ತಳ್ಳುವುದಿಲ್ಲ, ಹೊರಕ್ಕೆ ಎಳೆಯುತ್ತದೆ ಎಂಬ ಒಂದೇ ಕಾರಣಕ್ಕೆ. ಸಡಿಲವಾದ ಕಲ್ಲು ಗಂಟಲಿಗೆ ಬೀಳದೆ ನಳಿಕೆಯಲ್ಲಿ ಸಿಕ್ಕಿಕೊಳ್ಳುವುದು ಅದರ ಇನ್ನೊಂದು ಗುಣ. ಇವು ಎರಡು ಬಗೆಯಲ್ಲಿ ಸಿಗುತ್ತವೆ. ಒಂದು, ರಬ್ಬರಿನ ಗುಂಡು ಬುರುಡೆಗೆ ತೆಳ್ಳಗಿನ ನಳಿಕೆ ಜೋಡಿಸಿದ್ದು. ಬುರುಡೆಯನ್ನು ಮೊದಲೇ ಅದುಮಿಕೊಂಡು, ತುದಿಯನ್ನು ಕಲ್ಲಿಗೆ ತಾಗಿಸಿ, ಮೆಲ್ಲನೆ ಕೈ ಸಡಿಲಿಸಬೇಕು. ಇನ್ನೊಂದು ಚಾರ್ಜ್ ಮಾಡುವ ಬ್ಯಾಟರಿಯದು; ಒಳಗೆ ಪುಟ್ಟ ಪಂಪು, ತುದಿಗೆ ಸಿಲಿಕೋನಿನ ಬದಲಿಸಬಹುದಾದ ನಳಿಕೆಗಳು, ಕೆಲವದರಲ್ಲಿ ಬೆಳಕೂ ಇರುತ್ತದೆ. ಮುಖದ ಕಪ್ಪು ಚುಕ್ಕೆ ತೆಗೆಯಲು ಮಾರುವ ಸಕ್ಷನ್ ಯಂತ್ರವನ್ನು ಗಂಟಲಿಗೆ ಬಳಸಬಾರದು. ಅದರ ಸೆಳೆತ ಮುಖದ ಚರ್ಮಕ್ಕೆಂದು ಇಟ್ಟದ್ದು. ಗಂಟಲಿನ ಒಳಪದರ ಅಷ್ಟು ತಡೆಯುವುದಿಲ್ಲ.

ಸೆಳೆತದ ಲೆಕ್ಕವನ್ನು ಇಲ್ಲಿ ಸ್ವಲ್ಪ ನೋಡಬೇಕು, ಏಕೆಂದರೆ ಕೊಳ್ಳುವವರು ಮೋಸ ಹೋಗುವುದು ಇಲ್ಲಿಯೇ. ವಾತಾವರಣದ ಒತ್ತಡ 760 ಮಿಲಿಮೀಟರ್ ಪಾದರಸದಷ್ಟು; ನಳಿಕೆಯೊಳಗಿನ ಒತ್ತಡ ಅದಕ್ಕಿಂತ ಎಷ್ಟು ಕಡಿಮೆಯೋ ಅದೇ ಸೆಳೆತ. ಆಸ್ಪತ್ರೆಗಳಲ್ಲಿ ವಯಸ್ಕರ ಬಾಯಿ, ಗಂಟಲಿನ ದ್ರವವನ್ನು ಹೀರಲು ಸಾಮಾನ್ಯವಾಗಿ 100ರಿಂದ 150 ಮಿಲಿಮೀಟರ್ ಪಾದರಸದಷ್ಟು ಸೆಳೆತ ಬಳಸುತ್ತಾರೆ. 100 ಮಿಲಿಮೀಟರ್ ಪಾದರಸದಷ್ಟು ಸೆಳೆತವಿರುವ ಉಪಕರಣಕ್ಕೆ 3 ಮಿಲಿಮೀಟರ್ ವ್ಯಾಸದ ನಳಿಕೆ ಹಾಕಿದರೆ, ಕಲ್ಲಿನ ಮೇಲೆ ಬೀಳುವ ಎಳೆತ ಹತ್ತು ಗ್ರಾಂ ತೂಕಕ್ಕಿಂತಲೂ ಕಡಿಮೆ. ನಳಿಕೆಯ ವ್ಯಾಸವನ್ನು ಎರಡು ಪಟ್ಟು ಮಾಡಿದರೆ ಎಳೆತ ನಾಲ್ಕು ಪಟ್ಟಾಗುತ್ತದೆ. ಆದರೆ ಆಗ ತುದಿ ಕಲ್ಲಿನ ಬದಲು ಸುತ್ತಲಿನ ಮಾಂಸವನ್ನು ಹಿಡಿದುಕೊಳ್ಳುತ್ತದೆ. ಆದ್ದರಿಂದ, ಕುಳಿಯ ಬಾಯಲ್ಲಿ ಈಗಾಗಲೇ ತಲೆ ತೋರಿಸಿರುವ ಕಲ್ಲನ್ನು ಹಿಡಿದು ತೆಗೆಯುವುದಷ್ಟೇ ಇಂತಹ ಉಪಕರಣದ ಕೆಲಸ. ಕಿರಿದಾದ ಬಾಯಿಯ ಕುಳಿಯೊಳಗೆ ಆಳದಲ್ಲಿ ಕೂತ ದೊಡ್ಡ ಕಲ್ಲನ್ನು ಅದು ಎಳೆಯಲಾರದು. ಎಳೆಯುವಷ್ಟು ಸೆಳೆತವಿದ್ದರೆ ಅದಕ್ಕಿಂತ ಮೊದಲು ಟಾನ್ಸಿಲ್‌ಗೆ ಗಾಯವಾಗುತ್ತದೆ. ಸೆಳೆತದ ಅಂಕಿ ದೊಡ್ಡದಿದ್ದಷ್ಟೂ ಉಪಕರಣ ಒಳ್ಳೆಯದೆಂದು ತಿಳಿಯುವುದು ಸರಿಯಲ್ಲ.

ನಾನು ಅನುಸರಿಸುವ ಕ್ರಮ ಹೀಗಿದೆ. ಊಟವಾಗಿ ಎರಡು ಮೂರು ಗಂಟೆ ಕಳೆದಿರಬೇಕು; ತುಂಬಿದ ಹೊಟ್ಟೆಯಲ್ಲಿ ಓಕರಿಕೆ ಬಂದರೆ ವಾಂತಿಯಾಗುತ್ತದೆ. ಕೈ ತೊಳೆದು, ಉಪ್ಪುನೀರು ಮುಕ್ಕಳಿಸಿ, ಕನ್ನಡಿಯ ಮುಂದೆ ನೆಟ್ಟಗೆ, ತುಸು ಮುಂದಕ್ಕೆ ಬಾಗಿ ಕುಳಿತುಕೊಳ್ಳುತ್ತೇನೆ. ಮಲಗಿಕೊಂಡು ಈ ಕೆಲಸ ಮಾಡಬಾರದು. ಬೆಳಕಿಗೆ ನಮ್ಮ ಮನೆಯಲ್ಲಿ ರಬ್ಬರ್ ಟ್ಯಾಪಿಂಗಿಗೆ ನಸುಕಿನಲ್ಲಿ ತಲೆಗೆ ಕಟ್ಟಿಕೊಳ್ಳುವ ಟಾರ್ಚ್ ಇದೆ. ಅದಕ್ಕಿಂತ ಅನುಕೂಲದ ದೀಪವನ್ನು ನಾನು ಕಂಡಿಲ್ಲ. ಎರಡು ಕೈಗಳೂ ಬಿಡುವಾಗಿರುತ್ತವೆ, ಬೆಳಕು ನೋಟದ ದಿಕ್ಕಿಗೇ ಬೀಳುತ್ತದೆ. ಉಪಕರಣದ ಬೆಳಕು ಎಷ್ಟೇ ಚೆನ್ನಾಗಿದ್ದರೂ ನಳಿಕೆ ಮತ್ತು ಕೈಯ ನೆರಳು ಕಲ್ಲಿನ ಮೇಲೆಯೇ ಬೀಳುವುದು ಅದರ ದೋಷ.

ಬಾಯಿಗೆ ಹಾಕುವ ಮೊದಲು ನಳಿಕೆ ಬಿಗಿಯಾಗಿದೆಯೇ ಎಂದು ಎಳೆದು ನೋಡುವುದನ್ನು ಎಂದಿಗೂ ಬಿಡಬಾರದು. ಸಡಿಲವಾದ ಸಿಲಿಕೋನ್ ತುದಿ ಕಳಚಿ ಶ್ವಾಸನಾಳಕ್ಕೆ ಹೋದರೆ ಅದು ಕಲ್ಲಿಗಿಂತ ಎಷ್ಟೋ ಪಾಲು ಕೆಟ್ಟ ಆಪತ್ತು. ಆಮೇಲೆ ಸೆಳೆತವನ್ನು ಅತಿ ಕಡಿಮೆ ಹಂತದಲ್ಲಿಟ್ಟು, ಕೆಳದುಟಿಯ ಒಳಬದಿಗೆ ಒಂದು ಕ್ಷಣ ತಾಗಿಸಿ ನೋಡಬೇಕು. ಅಲ್ಲಿ ನೋವಾದರೆ ಅಥವಾ ಕೆಂಪು ಗುರುತು ಉಳಿದರೆ ಗಂಟಲಿಗೆ ಅದು ಬೇಡ. ನಾಲಿಗೆಯನ್ನು ತಗ್ಗಿಸಿ, ಬಾಯಿಂದ ಮೆಲ್ಲನೆ ಉಸಿರಾಡುತ್ತಾ, ನಾಲಿಗೆಯ ಬುಡಕ್ಕಾಗಲಿ ಕಿರುನಾಲಿಗೆಗಾಗಲಿ ಮೃದು ಅಂಗುಳಕ್ಕಾಗಲಿ ತಾಗದಂತೆ, ಕೆನ್ನೆಯ ಬದಿಯಿಂದ ನಳಿಕೆಯನ್ನು ಒಯ್ಯಬೇಕು. ಓಕರಿಕೆ ಹುಟ್ಟುವುದು ಮುಖ್ಯವಾಗಿ ಆ ಮೂರು ಜಾಗಗಳನ್ನು ಮುಟ್ಟಿದಾಗ. ತುದಿಯನ್ನು ಕಲ್ಲಿಗೆ ಮಾತ್ರ ತಾಗಿಸಿ, ಎರಡು ಕ್ಷಣ ಹಿಡಿದು, ನೇರವಾಗಿ ಹಿಂದಕ್ಕೆ ತರಬೇಕು. ಮಾಂಸಕ್ಕೆ ಅಂಟಿಕೊಂಡರೆ ಜಗ್ಗಿ ಎಳೆಯದೆ, ಮೊದಲು ಯಂತ್ರ ನಿಲ್ಲಿಸಿ, ಸೆಳೆತ ಹೋದ ಮೇಲೆ ಬಿಡಿಸಿಕೊಳ್ಳಬೇಕು. ಸೆಳೆತ ಚಾಲೂ ಇರುವಾಗಲೇ ಜಗ್ಗಿದರೆ ಒಳಪದರದಲ್ಲಿ ರಕ್ತದ ಚುಕ್ಕೆಗಳು ಮೂಡುತ್ತವೆ.

ಕಲ್ಲು ಮುಂದಿನ ಮಡಿಕೆಯ ಹಿಂದೆ ಅರ್ಧ ಮರೆಯಾಗಿದ್ದರೆ, ಒದ್ದೆ ಮಾಡಿದ ಹತ್ತಿಯ ಬಡ್‌ನಿಂದ ಆ ಮಡಿಕೆಯನ್ನು ಹೊರಬದಿಗೆ ಹಗುರವಾಗಿ ಒತ್ತಿದಾಗ ಅದು ಮುಂದಕ್ಕೆ ಬರುತ್ತದೆ. ಕಲ್ಲನ್ನು ನೇರವಾಗಿ ಒತ್ತುವುದಲ್ಲ, ಪಕ್ಕದ ಮಾಂಸವನ್ನು ಒತ್ತುವುದು. ಇದನ್ನು ನನಗೆ ತೋರಿಸಿಕೊಟ್ಟವರು ಕಿವಿ, ಮೂಗು, ಗಂಟಲಿನ ವೈದ್ಯರು. “ಟೀಚರೇ, ಎರಡು ಸಲ ನೋಡಿ, ಬರದಿದ್ದರೆ ಬಿಟ್ಟುಬಿಡಿ, ನಾಳೆಗೂ ಅದು ಅಲ್ಲೇ ಇರ್ತದೆ” ಎಂದು ಅವರು ಹೇಳಿದ್ದನ್ನು ನಾನು ನಿಯಮವಾಗಿಯೇ ಪಾಲಿಸುತ್ತೇನೆ. ಗಂಟಲು ಮರಗಟ್ಟಿಸುವ ಸ್ಪ್ರೇ ಹೊಡೆದುಕೊಂಡು ಈ ಕೆಲಸ ಮಾಡುವವರಿದ್ದಾರೆಂದು ಕೇಳಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಓಕರಿಕೆಯೇ ಗಂಟಲಿನ ಕಾವಲು. ಅದನ್ನು ಮಲಗಿಸಿದರೆ ಕಳಚಿದ ಕಲ್ಲಾಗಲಿ ಎಂಜಲಾಗಲಿ ತಪ್ಪು ದಾರಿ ಹಿಡಿದದ್ದು ತಿಳಿಯುವುದಿಲ್ಲ, ನೋವಾಗದ ಕಾರಣ ಗಾಯವಾದದ್ದೂ ಗೊತ್ತಾಗುವುದಿಲ್ಲ.

ಉಗುಳಿನಲ್ಲಿ ರಕ್ತದ ಗೆರೆ ಕಂಡರೆ ಅಲ್ಲಿಗೆ ನಿಲ್ಲಿಸಿ ತಣ್ಣೀರು ಮುಕ್ಕಳಿಸಬೇಕು. ರಕ್ತ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಬೇಕು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರು, ರಕ್ತ ಹೆಪ್ಪುಗಟ್ಟದ ಕಾಯಿಲೆಯಿರುವವರು ಮನೆಯಲ್ಲಿ ಇದನ್ನು ಪ್ರಯತ್ನಿಸಲೇಬಾರದು. ಜ್ವರ, ನುಂಗಲಾಗದ ನೋವು, ಕೆಂಪಾಗಿ ಊದಿದ ಟಾನ್ಸಿಲ್ ಇರುವಾಗಲೂ ಬೇಡ. ಆಗ ಬಿಳಿಯಾಗಿ ಕಾಣುವುದು ಕಲ್ಲಲ್ಲ, ಕೀವು ಇರಬಹುದು. ಮಕ್ಕಳ ಬಾಯಿಗೆ ಈ ಉಪಕರಣವನ್ನು ಹಾಕಬಾರದು. ಮಕ್ಕಳು ತಟ್ಟನೆ ತಲೆ ಅಲುಗಿಸುತ್ತಾರೆ, ಅವರ ಗಂಟಲಿನ ಜಾಗವೂ ಕಿರಿದು.

ಬಳಸಿದ ಮೇಲೆ ನಳಿಕೆಯನ್ನು ಕಳಚಿ ಸೋಪುನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ನಮ್ಮ ಮಳೆಗಾಲದಲ್ಲಿ ಒದ್ದೆ ವಸ್ತು ಮುಚ್ಚಿಟ್ಟರೆ ಬೂಸಲು ಹಿಡಿಯಲು ತಡವಾಗುವುದಿಲ್ಲ. ಮನೆಮಂದಿಯೆಲ್ಲ ಒಂದೇ ನಳಿಕೆ ಬಳಸುವುದು ಸಲ್ಲದು.

ಕಲ್ಲು ತೆಗೆದ ಮಾತ್ರಕ್ಕೆ ಅದು ಹುಟ್ಟುವುದು ನಿಲ್ಲುವುದಿಲ್ಲ, ಏಕೆಂದರೆ ಕುಳಿ ಅಲ್ಲಿಯೇ ಇರುತ್ತದೆ. ಪದೇ ಪದೇ ಗಂಟಲು ಬಾವು ಬಂದವರಲ್ಲಿ ಕುಳಿಗಳು ಆಳವಾಗಿ ಉಳಿದಿರುವುದರಿಂದ ಕಲ್ಲು ಮರುಕಳಿಸುವುದು ಹೆಚ್ಚು. ಊಟವಾದ ಮೇಲೆ ಬಾಯಿ ಮತ್ತು ಗಂಟಲನ್ನು ಮುಕ್ಕಳಿಸುವುದು, ಸೆಕೆಗಾಲದಲ್ಲಿ ಸಾಕಷ್ಟು ನೀರು ಕುಡಿದು ಬಾಯಿ ಒಣಗದಂತೆ ನೋಡಿಕೊಳ್ಳುವುದು ಇವುಗಳಿಂದ ಅದರ ವೇಗ ಕಡಿಮೆಯಾಗುತ್ತದೆ. ಕಲ್ಲಿನ ಕಾಟ ತೀರಾ ಹೆಚ್ಚಾದವರಿಗೆ ಕುಳಿಗಳ ಬಾಯಿಯನ್ನು ಲೇಸರಿನಿಂದ ಸಪಾಟಾಗಿಸುವ ಅಥವಾ ಟಾನ್ಸಿಲನ್ನೇ ತೆಗೆಯುವ ಶಸ್ತ್ರಚಿಕಿತ್ಸೆ ಇದೆ. ವಯಸ್ಕರಲ್ಲಿ ಟಾನ್ಸಿಲ್ ತೆಗೆದ ಮೇಲಿನ ನೋವು ಮಕ್ಕಳಿಗಿಂತ ಹೆಚ್ಚು ಮತ್ತು ರಕ್ತಸ್ರಾವದ ಅಪಾಯವೂ ಇದೆ. ಆದ್ದರಿಂದ ನುಚ್ಚಿನಷ್ಟು ಕಲ್ಲಿಗಾಗಿ ನಾನು ಆ ದಾರಿ ಹಿಡಿದಿಲ್ಲ.

ಅಡಿಕೆಯ ನಾಡಿನವರಾದ ನಾವು ವಿಶೇಷವಾಗಿ ಗಮನಿಸಬೇಕಾದದ್ದು ಇನ್ನೊಂದಿದೆ. ಎಲೆಯಡಿಕೆ ಮೆಲ್ಲುವವರ ಗಂಟಲಿನ ಕುಳಿಗಳಲ್ಲಿ ಅಡಿಕೆಯ ಚೂರು ಸಿಕ್ಕಿಕೊಳ್ಳಬಹುದು. ಅದು ಕಲ್ಲಿನಷ್ಟೇ ಕಿರಿಕಿರಿ ಮಾಡುತ್ತದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು, ಹೊಗೆಸೊಪ್ಪು ಇಲ್ಲದಿದ್ದರೂ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ತೋಟವೇ ಜೀವನಾಧಾರವಾದ ಮನೆಯಲ್ಲಿ ಹುಟ್ಟಿದ ನನಗೆ ಇದನ್ನು ಬರೆಯುವುದು ಸುಲಭವಲ್ಲ, ಆದರೂ ಬರೆಯದೆ ಇರಲಾರೆ. ಒಂದೇ ಬದಿಯ ಟಾನ್ಸಿಲ್ ದೊಡ್ಡದಾಗುತ್ತಾ ಹೋದರೆ, ಎರಡು ಮೂರು ವಾರವಾದರೂ ಮಾಯದ ಹುಣ್ಣಿದ್ದರೆ, ಕುತ್ತಿಗೆಯಲ್ಲಿ ಗಡ್ಡೆ ಕೈಗೆ ಸಿಕ್ಕಿದರೆ, ಕಲ್ಲೆಂದು ತಿಳಿದು ಸಕ್ಷನ್ ಹಿಡಿದು ಕೂರಬಾರದು. ಕಾಸರಗೋಡಾಗಲಿ ಮಂಗಳೂರಾಗಲಿ, ಯಾವುದು ಹತ್ತಿರವೋ ಅಲ್ಲಿಯ ಗಂಟಲಿನ ವೈದ್ಯರ ಬಳಿಗೆ ಆ ವಾರವೇ ಹೋಗಿ, ಯಾವ ಬದಿ, ಎಷ್ಟು ದಿನದಿಂದ, ಎಲೆಯಡಿಕೆ ಹಾಕುವ ಅಭ್ಯಾಸ ಎಷ್ಟು ವರ್ಷದ್ದು ಎಂಬುದನ್ನು ಮುಚ್ಚಿಡದೆ ಹೇಳಬೇಕು.